ಕ್ಷೌರದಂಗಡಿಗಳಲ್ಲಿ ಕತ್ತು ತಿರುಚುವುದು ನಿಲ್ಲಲಿ

ಕ್ಷೌರ ಮುಗಿದ ಮೇಲೆ ಗಿರಾಕಿಯ ಗದ್ದ ಹಿಡಿದು, ಕತ್ತನ್ನು ಥಟ್ಟನೆ ಒಂದು ಪಕ್ಕಕ್ಕೆ ತಿರುಚಿ ‘ಲಟಕ್’ ಎನ್ನಿಸುವ ರೂಢಿ ಅನೇಕ ಅಂಗಡಿಗಳಲ್ಲಿ ಇನ್ನೂ ಉಳಿದಿದ್ದು, ಇದರ ಅಪಾಯದ ಅರಿವು ಬಹುತೇಕರಿಗೆ ಇದ್ದಂತಿಲ್ಲ.

ಕತ್ತು ಎಡಬಲಕ್ಕೆ ಹೊರಳುವುದರಲ್ಲಿ ಸುಮಾರು ಅರ್ಧದಷ್ಟು ನಡೆಯುವುದು ತಲೆಬುರುಡೆಯ ಬುಡದಲ್ಲಿರುವ ಅಟ್ಲಾಸ್ ಮತ್ತು ಆಕ್ಸಿಸ್ ಎಂಬ ಮೊದಲೆರಡು ಮೂಳೆಗಳ ನಡುವೆ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿಗಳು ಇವೇ ಮೂಳೆಗಳ ರಂಧ್ರಗಳಲ್ಲಿ ಹಾದು, ಅಟ್ಲಾಸನ್ನು ಬಳಸಿಕೊಂಡು ಬುರುಡೆಯೊಳಗೆ ಹೋಗುತ್ತವೆ. ಹಠಾತ್ ತಿರುವಿನಿಂದ ರಕ್ತನಾಳದ ಒಳಪದರ ಹರಿದರೆ, ಅಲ್ಲಿ ಹೆಪ್ಪುಗಟ್ಟುವ ರಕ್ತ ಪಾರ್ಶ್ವವಾಯುವಿಗೆ ಕಾರಣವಾಗಬಹುದು. ಕೆಲವರಲ್ಲಿ ಲಕ್ಷಣಗಳು ದಿನಗಳ ನಂತರ ಕಾಣಿಸುವುದರಿಂದ, ತಲೆಸುತ್ತು ಅಥವಾ ತೊದಲು ಮಾತನ್ನು ಯಾರೂ ಕ್ಷೌರದೊಂದಿಗೆ ಜೋಡಿಸಿ ನೋಡುವುದಿಲ್ಲ. ರುಮಟಾಯ್ಡ್ ಸಂಧಿವಾತವುಳ್ಳ ಕೆಲವರಲ್ಲಿ ಈ ಎರಡು ಮೂಳೆಗಳ ಕೀಲನ್ನು ಬಿಗಿಯಾಗಿ ಹಿಡಿದಿಡುವ ಅಸ್ಥಿರಜ್ಜು ಮೊದಲೇ ಸಡಿಲಗೊಂಡಿರುವುದರಿಂದ ಬೆನ್ನುಹುರಿಗೇ ಪೆಟ್ಟಾಗುವ ಭಯವಿದೆ. ಇಂಥ ಅನಾಹುತ ವಿರಳ, ನಿಜ; ಆದರೆ ಯಾವ ಲಾಭಕ್ಕಾಗಿ ಈ ಸಾಹಸ?

ಕಳೆದ ತಿಂಗಳು ನಾನು ‘ಬೇಡ’ ಎನ್ನುವಷ್ಟರಲ್ಲಿ ನನ್ನ ಗದ್ದ ಹಿಡಿದಾಗಿತ್ತು. ‘ಇದಕ್ಕೆ ದುಡ್ಡಿಲ್ಲ ಸಾರ್’ ಎಂದರು ಕ್ಷೌರಿಕರು. ಅವರದು ಪ್ರೀತಿಯೇ ಹೊರತು ಉಡಾಫೆಯಲ್ಲ, ಹಾಗಾಗಿ ದಂಡಕ್ಕಿಂತ ತಿಳಿವಳಿಕೆ ಮುಖ್ಯ. ಸ್ಥಳೀಯ ಸಂಸ್ಥೆಗಳು ಉದ್ದಿಮೆ ಪರವಾನಗಿ ನವೀಕರಿಸುವಾಗ ವೈದ್ಯರಿಂದ ಅರ್ಧ ಗಂಟೆಯ ಮಾಹಿತಿ ಕೊಡಿಸಿ, ‘ಇಲ್ಲಿ ಕತ್ತು ತಿರುಚುವುದಿಲ್ಲ’ ಎಂಬ ಕನ್ನಡ ಫಲಕವನ್ನು ಕನ್ನಡಿಯ ಪಕ್ಕದಲ್ಲೇ ತೂಗುಹಾಕಿಸಲಿ.

– ಓದುಗ, ದಾವಣಗೆರೆ