ಸಮಿತಿಯ ಕಾರ್ಯದರ್ಶಿಗೆ ಒಂದು ಕಾಗದ

ಚಿ. ಮಾಲತಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನನ್ನು ಆ ಉಸ್ತುವಾರಿ ಸಮಿತಿಗೆ ಸದಸ್ಯ ಕಾರ್ಯದರ್ಶಿ ಮಾಡಿದ್ದಾರೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬಹಳ ಸಂತೋಷ. ಅಜೆಂಡಾ ಹೇಗೆ ಮಾಡಬೇಕು, ನಡಾವಳಿ ಹೇಗೆ ಬರೆಯಬೇಕು ಅನ್ನುವುದನ್ನೆಲ್ಲ ನಿನ್ನ ಕಚೇರಿಯಲ್ಲೇ ಯಾರಾದರೂ ಹಳೇ ಸೂಪರಿಂಟೆಂಡೆಂಟ್ ಹೇಳಿಕೊಡುತ್ತಾರೆ. ನಾನು ಬರೆಯುವುದು ಬೇರೆ ವಿಷಯ. ರಿಟೈರ್ ಆದಮೇಲೆ ನಾನು ಅಮೆರಿಕದಲ್ಲಿದ್ದ ಇಂಗ್ಲಿಷ್ ವಸಾಹತುಗಳ ಚರಿತ್ರೆ ಹಿಡಿದು ಕೂತಿದ್ದೇನೆ, ನಿನಗೆ ಗೊತ್ತಲ್ಲ. ಯುದ್ಧಗಳಿಗಿಂತ ನನಗೆ ಹಿಡಿಸಿದ್ದು ಲಂಡನ್ನಿನಲ್ಲಿ ಕೂತು ಆ ವಸಾಹತುಗಳನ್ನು ನೋಡಿಕೊಳ್ಳುತ್ತಿದ್ದ ಸಮಿತಿಗಳ ಕಥೆ. ಜೀವಮಾನವೆಲ್ಲ ಕಡತ ನೋಡಿದವನಿಗೆ ಇನ್ನೇನು ರುಚಿಸುತ್ತೆ ಹೇಳು.

ಸಮಿತಿ ರಚಿಸಿದ ಆದೇಶವನ್ನು ಮೊದಲು ಸಾವಧಾನವಾಗಿ ಓದು. ಸದಸ್ಯರ ಪಟ್ಟಿ ಅಲ್ಲ, ಅಧಿಕಾರ ಏನು ಅಂತ ಬರೆದಿರುವ ಭಾಗ. ಆಮೇಲೆ ಆ ಅಧಿಕಾರ ನೆಲದ ಮೇಲೆ ಎಲ್ಲಿಯವರೆಗೆ ನಡೆಯುತ್ತೆ ಅಂತ ವಿಚಾರಿಸು. ಇವೆರಡೂ ಬೇರೆ ಬೇರೆ.

1634ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್ ಈ ವಸಾಹತುಗಳನ್ನು ನೋಡಿಕೊಳ್ಳೋಕೆ ಒಂದು ಆಯೋಗ ಮಾಡಿದ. ಆರ್ಚ್‌ಬಿಷಪ್ ವಿಲಿಯಂ ಲಾಡ್ ಅದರ ಅಧ್ಯಕ್ಷ. ಕಾಗದದ ಮೇಲೆ ಅದಕ್ಕೆ ಇಲ್ಲದ ಅಧಿಕಾರವೇ ಇರಲಿಲ್ಲ. ಕಾನೂನು ಮಾಡಬಹುದು, ಗವರ್ನರನ್ನು ತೆಗೆಯಬಹುದು, ಸನ್ನದು, ಅಂದ್ರೆ ವಸಾಹತಿಗೆ ದೊರೆ ಕೊಟ್ಟ ಹಕ್ಕುಪತ್ರ, ವಾಪಸ್ ಪಡೆಯಬಹುದು. ಮ್ಯಾಸಚೂಸೆಟ್ಸ್‌ನವರಿಗೆ ಸನ್ನದು ತಂದೊಪ್ಪಿಸಿ ಅಂತ ಹೇಳಿಕಳಿಸಿದರು. ತಮಾಷೆ ಏನಂದ್ರೆ, ಆ ಸನ್ನದು ಲಂಡನ್ನಿನಲ್ಲಿ ಇರಲೇ ಇಲ್ಲ. 1630ರಲ್ಲಿ ಆ ವಸಾಹತಿನ ಮುಖಂಡ ಜಾನ್ ವಿಂತ್ರಾಪ್ ಹಡಗು ಹತ್ತುವಾಗ ಜೊತೆಗೇ ತೆಗೆದುಕೊಂಡು ಹೋಗಿದ್ದ. ಬಾಸ್ಟನ್ನಿನವರು ಬಂದರಿನ ದ್ವೀಪದಲ್ಲಿ ಕೋಟೆ ಕಟ್ಟೋಕೆ ಶುರು ಮಾಡಿದರು. ಹಡಗು ಬಂದರೆ ಊರವರಿಗೆ ಗೊತ್ತಾಗಲಿ ಅಂತ ಗುಡ್ಡದ ಮೇಲೆ ಬೆಂಕಿ ಹಚ್ಚುವ ಕಂಬ ನೆಟ್ಟರು. ಆ ಗುಡ್ಡಕ್ಕೆ ಇವತ್ತಿಗೂ ಬೀಕನ್ ಹಿಲ್ ಅಂತಲೇ ಹೆಸರು. ಇತ್ತ ಇಂಗ್ಲೆಂಡಿನಿಂದ ಹೊಸ ಗವರ್ನರ್ ಆಗಿ ಹೊರಡಬೇಕಿದ್ದ ಫರ್ಡಿನಾಂಡೊ ಗಾರ್ಜಸ್‌ನ ಹಡಗು ನೀರಿಗಿಳಿಸುವಾಗಲೇ ಮುರಿಯಿತು. 1638ರಲ್ಲಿ ವಿಂತ್ರಾಪ್ ವಿನಯವಾಗಿ ಒಂದು ಉತ್ತರ ಬರೆದ. ಸನ್ನದು ಕಿತ್ತುಕೊಂಡರೆ ಜನ ಬೇರೆ ಕಡೆ ಎದ್ದು ಹೋಗಬೇಕಾಗುತ್ತೆ ಅಂತ. ಸನ್ನದು ಮಾತ್ರ ಕಳಿಸಲಿಲ್ಲ. ಅಷ್ಟರಲ್ಲಿ ದೊರೆಗೆ ಸ್ಕಾಟ್‌ಲೆಂಡಿನ ದಂಗೆ ತಲೆಗೆ ಬಂತು. ಆ ಕಡತ ಅಲ್ಲಿಗೇ ನಿಂತಿತು.

ಆಮೇಲೆ ಬಂದವನ್ನೆಲ್ಲ ನಾನು ಬರೆಯುವುದಿಲ್ಲ. 1643ರಲ್ಲಿ ಪಾರ್ಲಿಮೆಂಟಿನದೊಂದು, 1660ರಲ್ಲಿ ವ್ಯಾಪಾರಕ್ಕೊಂದು, ವಸಾಹತಿಗೊಂದು. 1672ರಲ್ಲಿ ಎರಡನ್ನೂ ಸೇರಿಸಿದರು, 1674ರಲ್ಲಿ ಮುಚ್ಚಿದರು, 1675ರಲ್ಲಿ ದೊರೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ನವರದೇ ಮತ್ತೊಂದು. ಸಮಿತಿ ಕೆಲಸ ಮಾಡದಿದ್ದರೆ ಇನ್ನೊಂದು ಸಮಿತಿ ಮಾಡುವ ಚಾಳಿ ನಮ್ಮ ವಿಧಾನಸೌಧದಲ್ಲಿ ಹುಟ್ಟಿದ್ದಲ್ಲ!

1696ರಲ್ಲಿ ವ್ಯಾಪಾರ, ವಸಾಹತು ಎರಡನ್ನೂ ನೋಡಿಕೊಳ್ಳೋಕೆ ಹುಟ್ಟಿದ ಬೋರ್ಡ್ ಆಫ್ ಟ್ರೇಡ್‌ದು ಲಾಡ್ ಆಯೋಗಕ್ಕೆ ತಿರುಗುಮುರುಗು ಕಥೆ. ಎಂಟು ಜನ ಸದಸ್ಯರಿಗೆ ವರ್ಷಕ್ಕೆ 1,000 ಪೌಂಡ್ ಸಂಬಳ. ತತ್ವಜ್ಞಾನಿ ಜಾನ್ ಲಾಕ್ ಅವರಲ್ಲಿ ಒಬ್ಬ. ಗವರ್ನರ್‌ಗಳ ಪತ್ರ ಓದುತ್ತಿದ್ದರು, ವ್ಯಾಪಾರಿಗಳನ್ನು ಕರೆಸಿ ಕೇಳುತ್ತಿದ್ದರು, ವಸಾಹತುಗಳು ಮಾಡಿದ ಕಾನೂನನ್ನು ಪರಿಶೀಲಿಸುತ್ತಿದ್ದರು. ಅಮೆರಿಕದ ಬಗ್ಗೆ ಅಷ್ಟು ಮಾಹಿತಿ ಲಂಡನ್ನಿನಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ಆದರೆ ಆದೇಶಕ್ಕೆ ಪ್ರಿವಿ ಕೌನ್ಸಿಲ್ ಅಥವಾ ಮಂತ್ರಿಯ ಸಹಿ ಬೇಕು. ದುಡ್ಡು ಟ್ರೆಷರಿಯದು, ಹಡಗು ನೌಕಾ ಇಲಾಖೆಯದು. ಬೋರ್ಡಿನ ಪಾಲಿಗೆ ಉಳಿದದ್ದು ಶಿಫಾರಸು. ಲಾಡ್‌ಗೆ ಅಧಿಕಾರವಿತ್ತು, ಕೈ ಚಾಚಿದರೆ ಎಟುಕುತ್ತಿರಲಿಲ್ಲ. ಇವರಿಗೆ ಎಲ್ಲ ಗೊತ್ತಿತ್ತು, ಸಹಿ ಇರಲಿಲ್ಲ. ಇವೆರಡರಲ್ಲಿ ನಿನ್ನ ಸಮಿತಿಗೆ ಯಾವ ಕಾಯಿಲೆ ಅಂತ ಮೊದಲನೇ ತಿಂಗಳಲ್ಲೇ ಕಂಡುಕೋ.

ದುಡ್ಡಿನ ವಿಷಯಕ್ಕೆ ಜಾಸ್ತಿ ಗಮನ ಕೊಡು. 1728ರಲ್ಲಿ ವಿಲಿಯಂ ಬರ್ನೆಟ್ ಅನ್ನುವವನು ಮ್ಯಾಸಚೂಸೆಟ್ಸ್‌ಗೆ ಗವರ್ನರ್ ಆಗಿ ಬಂದ. ಜೇಬಿನಲ್ಲಿ ಲಂಡನ್ನಿನ ಸೂಚನೆ: ವರ್ಷಕ್ಕೆ 1,000 ಪೌಂಡ್ ಕಾಯಂ ಸಂಬಳ ಗೊತ್ತು ಮಾಡಿಸಿಕೊಳ್ಳತಕ್ಕದ್ದು. ಅಲ್ಲಿನ ಶಾಸನಸಭೆಯವರು ದುಡ್ಡು ಕೊಡಲ್ಲ ಅನ್ನಲಿಲ್ಲ. ಕೊಡ್ತೀವಿ, ಆದ್ರೆ ಆಗಾಗ ಮಂಜೂರು ಮಾಡಿ ಕೊಡ್ತೀವಿ ಅಂದರು. ಕಾಯಂ ಆದರೆ ಗವರ್ನರ್ ತಮ್ಮ ಮಾತು ಕೇಳುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬರ್ನೆಟ್ ಅವರ ಮಂಜೂರಾತಿ ಬೇಡ ಅಂದ. ಸಭೆಯನ್ನೇ ಬಾಸ್ಟನ್ನಿಂದ ಸೇಲಂ ಊರಿಗೆ ಎತ್ತಿಹಾಕಿದ. ಅವರು ಜಗ್ಗಲಿಲ್ಲ. ಮಾರನೇ ವರ್ಷ ಬರ್ನೆಟ್ ಜ್ವರ ಬಂದು ತೀರಿಕೊಂಡ. 1735ರಲ್ಲಿ ಲಂಡನ್ನೇ ಸೋತು, ವರ್ಷವರ್ಷ ಕೊಟ್ಟಿದ್ದನ್ನೇ ತೆಗೆದುಕೊಳ್ಳಿ ಅಂದಿತು. ಹಾಗಾಗಿ ನೀನು ಟಿಪ್ಪಣಿ ಮಂಡಿಸುವ ಮುಂಚೆ ಆರ್ಥಿಕ ಇಲಾಖೆಯ ಮೇಜಿನ ಹತ್ತಿರ ಒಂದು ಸಲ ಹೋಗಿ ಕೂತು ಮಾತಾಡಿ ಬಾ. ಮರ್ಯಾದೆ ಏನೂ ಕಡಿಮೆ ಆಗಲ್ಲ.

ಇನ್ನು ಗಡುವು. ಪೆನ್ಸಿಲ್ವೇನಿಯಾದ 1681ರ ಸನ್ನದಿನ ಪ್ರಕಾರ, ಕಾನೂನು ಮಾಡಿದ ಮೇಲೆ ಲಂಡನ್ನಿಗೆ ಕಳಿಸೋಕೆ ಅವರಿಗೆ ಐದು ವರ್ಷ ಸಮಯ. ಬೇಡ ಅನ್ನೋಕೆ ದೊರೆಗೆ ಆರೇ ತಿಂಗಳು. ಕಾನೂನೋ, ಮಾಡಿದ ದಿನದಿಂದಲೇ ಜಾರಿ. ಅಲ್ಪಾವಧಿಯ ಕಾನೂನು ಮಾಡಿ, ಲಂಡನ್ನಿನವರು ಕಣ್ಣು ಹಾಯಿಸುವಷ್ಟರಲ್ಲಿ ಅವಧಿ ಮುಗಿಸಿ, ಮತ್ತೆ ಅದನ್ನೇ ಮಾಡುವ ಜಾಣತನ ಹಲವು ವಸಾಹತುಗಳಿಗಿತ್ತು. ನಿನ್ನ ಜಿಲ್ಲೆಗಳಿಂದ ವರದಿ ತಡವಾಗಿ ಬಂದರೆ ಸೋಮಾರಿತನ ಅಂತಲೇ ತಿಳಿಯಬೇಡ. ತಡದಿಂದ ಯಾರಿಗೆ ಲಾಭ ಅಂತಲೂ ನೋಡು.

ಖುದ್ದಾಗಿ ಹೋಗಿ ನೋಡು ಅಂತ ಎಲ್ಲರೂ ಹೇಳ್ತಾರೆ. ನಾನೂ ಹೇಳ್ತೀನಿ, ಆದ್ರೆ ತೀರ್ಮಾನ ಮನೆಯಲ್ಲೇ ಮಾಡಿಕೊಂಡು ಹೋಗಬೇಡ. 1676ರಲ್ಲಿ ಲಂಡನ್ನಿನವರು ವಿಚಾರಣೆಗೆ ಕಳಿಸಿದ ಎಡ್ವರ್ಡ್ ರ‍್ಯಾಂಡಾಲ್ಫ್ ಹಾಗೇ ಬಾಸ್ಟನ್ನಿಗೆ ಹೋದ. ಅವನು ಮೇಲಿಂದ ಮೇಲೆ ಬರೆದ ದೂರುಗಳ ಮೇಲೆ 1684ರಲ್ಲಿ ಸನ್ನದು ರದ್ದಾಯಿತು. ಐದು ವರ್ಷಕ್ಕೆ ಜನ ಎದ್ದು ಗವರ್ನರ್ ಆಂಡ್ರೋಸ್‌ನ ಜೊತೆ ಇವನನ್ನೂ ಜೈಲಿಗೆ ಹಾಕಿದರು.

ಬೋರ್ಡ್ ಆಫ್ ಟ್ರೇಡನ್ನು 1782ರಲ್ಲಿ ಪಾರ್ಲಿಮೆಂಟಿನ ಸದಸ್ಯ ಎಡ್ಮಂಡ್ ಬರ್ಕ್ ಹಟ ಹಿಡಿದು ಮುಚ್ಚಿಸಿದ. ಅಮೆರಿಕವೇ ಕೈಬಿಟ್ಟು ಹೋಗುತ್ತಿತ್ತು, ಇನ್ನು ಬೋರ್ಡ್ ಯಾಕೆ? ಎರಡೇ ವರ್ಷಕ್ಕೆ, 1784ರಲ್ಲಿ, ಇಂಡಿಯಾದ ಉಸ್ತುವಾರಿಗೆ ಬೋರ್ಡ್ ಆಫ್ ಕಂಟ್ರೋಲ್ ಬಂತು. ಈ ಸಲ ಈಸ್ಟ್ ಇಂಡಿಯಾ ಕಂಪನಿಯ ಪತ್ರಗಳನ್ನು ಹಡಗು ಹತ್ತುವ ಮುಂಚೆಯೇ ತರಿಸಿ ತಿದ್ದುವ ಅಧಿಕಾರ ಇಟ್ಟುಕೊಂಡರು. ನಮ್ಮ ಮೈಸೂರಿಗೂ 1831ರಲ್ಲಿ ಇಬ್ಬರು ಕಮಿಷನರ್‌ಗಳ ಬೋರ್ಡ್ ಬಂತು. ಇಬ್ಬರಿಗೂ ಸರಿಹೋಗಲಿಲ್ಲ. 1834ರಲ್ಲಿ ಬೋರ್ಡ್ ತೆಗೆದು ಒಬ್ಬನೇ ಕಮಿಷನರ್ ಇರಲಿ ಅಂದರು. ಆ ಕೆಲಸಕ್ಕೆ ಬಂದ ಮಾರ್ಕ್ ಕಬ್ಬನ್ 1861ರವರೆಗೂ ಕೂತ. ನಿನ್ನ ಸಮಿತಿಯಲ್ಲಿ ಇಬ್ಬರು ಸಹ ಅಧ್ಯಕ್ಷರು ಅಂತ ಕೇಳಿದೆ. ಕಡತ ಮೊದಲು ಯಾರ ಹತ್ತಿರ ಹೋಗಬೇಕು ಅನ್ನುವುದನ್ನು ಮೊದಲನೇ ಸಭೆಯಲ್ಲೇ ನಡಾವಳಿಯಲ್ಲಿ ಬರೆಸಿಬಿಡು.

ಆದೇಶದ ಪ್ರತಿಯನ್ನು ವಾಟ್ಸಾಪ್ ಮಾಡು, ಓದಿ ಹೇಳ್ತೀನಿ. ದೊಡ್ಡಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಭಾನುವಾರ ನಿಮ್ಮಪ್ಪನ ಕೈಲಿ ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ