ಕೆನಡಾಕ್ಕೆ ತನ್ನದೇ ದನಿ ಇಲ್ಲ ಅನ್ನಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕ ಮತ್ತು ಕೆನಡಾ ನಡುವಿನ ಸುಂಕದ ಜಗಳದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಅದರಲ್ಲಿ ಒಂದು ಮಾತು ಮನಸ್ಸಿಗೆ ಕಿರಿಕಿರಿ ಮಾಡಿತು. ಕೆನಡಾದವರು ಅಮೆರಿಕದವರ ಹಾಗೇ ಮಾತಾಡುತ್ತಾರೆ, ಅದೇ ಟಿವಿ ನೋಡುತ್ತಾರೆ, ಅದೇ ಜೋಕಿಗೆ ನಗುತ್ತಾರೆ, ಐಸ್ ಹಾಕಿ ಮತ್ತು ಚಳಿ ಬಿಟ್ಟರೆ ಅವರಿಗೆ ತಮ್ಮದು ಅಂತ ಏನೂ ಇಲ್ಲ ಎನ್ನುವ ಅರ್ಥದ ಮಾತು ಅದು. ನಾನು ಒಂಟಾರಿಯೊದಲ್ಲಿ ಎಷ್ಟೋ ವರ್ಷಗಳಿಂದ ಇದ್ದೇನೆ. ಮಕ್ಕಳು ಇಲ್ಲೇ ಬೆಳೆದರು. ಈ ಅಭಿಪ್ರಾಯ ಪೂರ್ತಿ ತಪ್ಪು, ಅದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಮೊದಲು ಆಕ್ಸೆಂಟ್ ವಿಷಯಕ್ಕೆ ಬರೋಣ. ಕೆನಡಾದವರು ‘ಅಬೌಟ್’ ಎನ್ನುವುದನ್ನು ‘ಅಬೂಟ್’ ಎನ್ನುತ್ತಾರೆ ಅಂತ ಅಮೆರಿಕದ ಟಿವಿಯಲ್ಲಿ ಯಾವಾಗಲೂ ಆಡಿಕೊಳ್ಳುತ್ತಾರೆ. ಇಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಆದರೆ ವ್ಯತ್ಯಾಸ ಇರುವುದು ನಿಜ. ಮುಂದೆ ಟ, ಸ, ಫ ಥರದ ಸದ್ದು ಬಂದಾಗ ಇವರ ಬಾಯಲ್ಲಿ ‘ಔ’ ಮತ್ತು ‘ಐ’ ಸ್ವರಗಳು ಸ್ವಲ್ಪ ಮೇಲಿನಿಂದ ಶುರುವಾಗುತ್ತವೆ. ‘ಲೌಡ್’ ಎನ್ನುವಾಗ ಇಲ್ಲದ ತಿರುವು ‘ಔಟ್’ ಎನ್ನುವಾಗ ಕೇಳುತ್ತದೆ, ‘ರೈಡ್’ನಲ್ಲಿ ಇಲ್ಲದ್ದು ‘ರೈಟ್’ನಲ್ಲಿ ಕೇಳುತ್ತದೆ. ಟೊರೊಂಟೊದ ಭಾಷಾ ವಿದ್ವಾಂಸ ಜೆ.ಕೆ. ಚೇಂಬರ್ಸ್ 1973ರಲ್ಲಿ ಇದಕ್ಕೆ ‘ಕೆನೇಡಿಯನ್ ರೈಸಿಂಗ್’ ಅಂತ ಹೆಸರಿಟ್ಟರು. ಅಂದರೆ ಇದಕ್ಕೊಂದು ಲೆಕ್ಕಾಚಾರ ಇದೆ, ನಿಯಮ ಇದೆ. ನಕಲು ಮಾಡುವವರಿಗೆ ಆ ನಿಯಮ ಗೊತ್ತಿಲ್ಲದ ಕಾರಣಕ್ಕೇ ಅವರ ನಕಲು ಯಾವಾಗಲೂ ತಪ್ಪಾಗುತ್ತದೆ.

ಈ ಮಾತಿನ ಹಿಂದೆ ಇತಿಹಾಸವೂ ಇದೆ. ಅಮೆರಿಕ ಸ್ವತಂತ್ರವಾದಾಗ ಬ್ರಿಟಿಷ್ ರಾಜನ ಪಕ್ಷದಲ್ಲಿದ್ದ ಸಾವಿರಾರು ಕುಟುಂಬಗಳು 1780ರ ದಶಕದಲ್ಲಿ ಗಡಿ ದಾಟಿ ಬಂದು ಈಗಿನ ಒಂಟಾರಿಯೊ ಕಡೆ ನೆಲೆ ನಿಂತವು. ಆಮೇಲೆ ಬ್ರಿಟನ್ನಿನಿಂದ ಜನ ಬಂದರು, ಅವರ ಮಕ್ಕಳು ಮಾತ್ರ ಅಕ್ಕಪಕ್ಕದ ಮಕ್ಕಳ ಹಾಗೇ ಮಾತಾಡಲು ಕಲಿತರು. 1885ರಲ್ಲಿ ರೈಲು ದಾರಿ ದೇಶದ ಆ ತುದಿ ಮುಟ್ಟಿದ ಮೇಲೆ ಒಂಟಾರಿಯೊದವರೇ ದೊಡ್ಡ ಸಂಖ್ಯೆಯಲ್ಲಿ ಪಶ್ಚಿಮಕ್ಕೆ ಹೋಗಿ ಊರು ಕಟ್ಟಿದರು. ಅದಕ್ಕೇ ಇವತ್ತಿಗೂ ಆಟವಾದಿಂದ ವ್ಯಾಂಕೂವರ್ ತನಕ, ಸಾವಿರಾರು ಕಿಲೋಮೀಟರ್ ದೂರದಲ್ಲಿ, ಪೇಟೆ ಜನರ ಇಂಗ್ಲಿಷ್ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತದೆ. ಇಷ್ಟು ಅಗಲದ ದೇಶದಲ್ಲಿ ಇದು ಸಣ್ಣ ಸಂಗತಿ ಅಲ್ಲ.

ಆದರೂ ಈ ದೇಶದವರು ತಮ್ಮ ಮಾತಿನ ಬಗ್ಗೆ ಬಹಳ ಕಾಲ ನಾಚಿಕೆ ಪಟ್ಟರು. ಇಪ್ಪತ್ತನೇ ಶತಮಾನದ ಅರ್ಧದವರೆಗೂ ಓದಿದವರು, ಮೇಲಿನ ಹುದ್ದೆಯವರು ಇಂಗ್ಲೆಂಡಿನವರ ಹಾಗೆ ಮಾತಾಡಲು ಪ್ರಯತ್ನಿಸುತ್ತಿದ್ದರು. ಅದನ್ನು ‘ಕೆನೇಡಿಯನ್ ಡೇಂಟಿ’ ಎಂದು ಕರೆಯುತ್ತಾರೆ. 1952ರಲ್ಲಿ ಗವರ್ನರ್ ಜನರಲ್ ಆದ ವಿನ್ಸೆಂಟ್ ಮ್ಯಾಸಿ ಆ ಸ್ಥಾನಕ್ಕೆ ಬಂದ ಮೊದಲ ಕೆನಡಾ ಸಂಜಾತರು, ಅವರ ಮಾತಿನ ಧಾಟಿಯೂ ಇದೇ. ಅವರು ಅಧ್ಯಕ್ಷರಾಗಿದ್ದ ಸರ್ಕಾರಿ ಆಯೋಗದ 1951ರ ವರದಿಯೇ ಅಮೆರಿಕದ ಪ್ರಭಾವದ ಎದುರು ದೇಶದ ಕಲೆ, ಸಾಹಿತ್ಯಕ್ಕೆ ಸರ್ಕಾರ ಬೆನ್ನೆಲುಬಾಗಿ ನಿಲ್ಲಬೇಕು ಎಂದು ಹೇಳಿದ್ದು. ಅದರಿಂದಲೇ 1957ರಲ್ಲಿ ಕಲೆಗೆ ನೆರವು ಕೊಡುವ ಕೆನಡಾ ಕೌನ್ಸಿಲ್ ಹುಟ್ಟಿತು. ಆ ಕೆಲಸಕ್ಕೆ ನಾನು ಪೂರ್ಣ ಗೌರವ ಕೊಡುತ್ತೇನೆ. ಆದರೆ ಜನ ತಮ್ಮ ಬಾಯಿಂದ ಬರುವ ಮಾತನ್ನು ತಮ್ಮದು ಅಂತ ಒಪ್ಪಿಕೊಂಡಿದ್ದು ಆಯೋಗಗಳಿಂದ ಅಲ್ಲ. ಹಾಸ್ಯಗಾರರಿಂದ. ಈ ಪತ್ರ ಬರೆಯುತ್ತಿರುವುದೇ ಇದನ್ನು ಹೇಳಲಿಕ್ಕೆ.

1980ರ ಒಂದು ಪ್ರಸಂಗ ಕೇಳಿ. ‘ಎಸ್‌ಸಿಟಿವಿ’ ಎನ್ನುವ ಹಾಸ್ಯ ಕಾರ್ಯಕ್ರಮ ಸಾರ್ವಜನಿಕ ವಾಹಿನಿ ಸಿಬಿಸಿಯಲ್ಲಿ ಬರುತ್ತಿತ್ತು. ಅಮೆರಿಕಕ್ಕೆ ಹೋಗುವ ಕಂತಿಗಿಂತ ಇಲ್ಲಿಯ ಕಂತು ಎರಡು ನಿಮಿಷ ಉದ್ದ. ಆ ಎರಡು ನಿಮಿಷದಲ್ಲಿ ಎದ್ದು ಕಾಣುವ ಹಾಗೆ ಕೆನಡಾದ್ದು ಏನಾದರೂ ಇರಲಿ ಎಂದು ವಾಹಿನಿಯವರು ಕೇಳಿದರು. ಕಾರ್ಯಕ್ರಮ ತಯಾರಾಗುವುದೇ ಕೆನಡಾದಲ್ಲಿ, ಮಾಡುವವರು ಹೆಚ್ಚಿನವರೂ ಕೆನಡಾದವರೇ, ಇನ್ನೇನು ಬೇಕು ಅಂತ ಕಲಾವಿದರಿಗೆ ಸಿಟ್ಟು ಬಂತು. ರಿಕ್ ಮೊರಾನಿಸ್ ಮತ್ತು ಡೇವ್ ಥಾಮಸ್ ಉಣ್ಣೆ ಟೋಪಿ ಹಾಕಿಕೊಂಡು, ಬಿಯರ್ ಹಿಡಿದು, ಮಾತುಮಾತಿಗೂ ನಮ್ಮ ‘ಅಲ್ವಾ’ ಥರದ ‘ಎಯ್’ ಸೇರಿಸುತ್ತಾ ಬಾಬ್ ಮತ್ತು ಡಗ್ ಎಂಬ ಅಣ್ಣತಮ್ಮಂದಿರಾಗಿ ಕೂತರು. ಕೇಳಿದವರಿಗೆ ಬುದ್ಧಿ ಕಲಿಸಲು ಮಾಡಿದ ಎರಡು ನಿಮಿಷದ ತುಣುಕು ದೇಶದ ಮನೆಮಾತಾಯಿತು. ಜನ ಅದರಲ್ಲಿ ತಮ್ಮ ಚಿಕ್ಕಪ್ಪನನ್ನು, ಪಕ್ಕದ ಮನೆಯವನನ್ನು ಕಂಡರು. ಟಿವಿಯಲ್ಲಿ ತಮ್ಮ ಬೀದಿಯ ಮಾತು ಅಷ್ಟು ಧಾರಾಳವಾಗಿ ಕೇಳುವುದು ಅವರಿಗೆ ಹೊಸದಾಗಿತ್ತು.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಮುಟ್ಟಿದ ಕಥೆ ನ್ಯೂಫೌಂಡ್‌ಲ್ಯಾಂಡಿನದು. ಅಟ್ಲಾಂಟಿಕ್ ಸಮುದ್ರದ ಈ ದ್ವೀಪ ಕೆನಡಾಕ್ಕೆ ಸೇರಿದ್ದು 1949ರಲ್ಲಿ, ಅದೂ ಜನಮತದಲ್ಲಿ ತೀರಾ ಕಡಿಮೆ ಅಂತರದಿಂದ. ಅಲ್ಲಿಯವರ ಪೂರ್ವಿಕರು ಹೆಚ್ಚಿನವರು ಇಂಗ್ಲೆಂಡಿನ ನೈಋತ್ಯ ಭಾಗದಿಂದ ಮತ್ತು ಐರ್ಲೆಂಡಿನ ಆಗ್ನೇಯ ಮೂಲೆಯಿಂದ ಮೀನುಗಾರಿಕೆಗೆ ಬಂದವರು. ಒಂದೊಂದು ಕೊಲ್ಲಿಯಲ್ಲಿ ಒಂದೊಂದು ಹಳ್ಳಿ, ಮಧ್ಯೆ ರಸ್ತೆ ಇಲ್ಲ, ದೋಣಿಯಲ್ಲೇ ಓಡಾಟ. ಹಾಗಾಗಿ ಹಳೇ ಮಾತು ಹಾಗೇ ಉಳಿಯಿತು, ಊರಿಂದೂರಿಗೆ ಬೇರೆ ಬೇರೆ ಆಯಿತು. ಅವರ ಶಬ್ದಗಳಿಗೇ 1982ರಲ್ಲಿ ಒಂದು ದಪ್ಪ ನಿಘಂಟು ಬಂತು. ಇಂಥ ಜನ ಕೆಲಸ ಹುಡುಕಿಕೊಂಡು ಟೊರೊಂಟೊಗೆ ಹೋದಾಗ ಸಿಕ್ಕಿದ್ದೇನು? ‘ನ್ಯೂಫಿ ಜೋಕ್’. ದಡ್ಡ, ಸೋಮಾರಿ, ಸರ್ಕಾರದ ದುಡ್ಡಲ್ಲಿ ಬದುಕುವವನು. ಬಾಯಿ ತೆರೆದರೆ ಸಾಕು, ಎದುರಿನವರ ಮುಖದಲ್ಲಿ ನಗು. ದೇಶವಿಡೀ ಈ ಜೋಕುಗಳು ಓಡಾಡಿದವು, ಪುಸ್ತಕವಾಗಿಯೂ ಮಾರಾಟವಾದವು. ಇದು ಕೆನಡಾ ತನ್ನವರಿಗೇ ಮಾಡಿದ ಅನ್ಯಾಯ, ಮುಚ್ಚಿಡುವ ಅಗತ್ಯ ಇಲ್ಲ.

ಆಮೇಲೆ ಆದದ್ದು ನೋಡಿ. 1973ರಲ್ಲಿ ಟೊರೊಂಟೊದಲ್ಲೇ, ಆ ಜೋಕುಗಳ ನಡುವೆಯೇ, ನ್ಯೂಫೌಂಡ್‌ಲ್ಯಾಂಡಿನ ಕೆಲವು ಯುವಕ ಯುವತಿಯರು ‘ಕಾಡ್ಕೊ’ ಎಂಬ ತಂಡ ಕಟ್ಟಿದರು. ತಮ್ಮದೇ ಧಾಟಿಯಲ್ಲಿ, ತಮ್ಮದೇ ಅಜ್ಜಿಯರ ಮಾತಿನಲ್ಲಿ ನಾಟಕ ಆಡಿದರು. ತಮ್ಮ ಊರನ್ನೂ ಬಿಡಲಿಲ್ಲ, ಪಾದ್ರಿಗಳನ್ನೂ ಬಿಡಲಿಲ್ಲ, ನಗುತ್ತಿದ್ದ ಪೇಟೆಯವರನ್ನೂ ಬಿಡಲಿಲ್ಲ. 1992ರ ಜುಲೈ 2ರಂದು ಕೇಂದ್ರ ಸರ್ಕಾರ ಕಾಡ್ ಮೀನು ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಐನೂರು ವರ್ಷದ ಕಸುಬು ಒಂದೇ ದಿನದಲ್ಲಿ ನಿಂತಿತು. ಅದರ ಮರುವರ್ಷವೇ ಕಾಡ್ಕೊ ತಂಡದ ಮೇರಿ ವಾಲ್ಷ್ ಹುಟ್ಟುಹಾಕಿದ ‘ದಿಸ್ ಅವರ್ ಹ್ಯಾಸ್ 22 ಮಿನಿಟ್ಸ್’ ಸಿಬಿಸಿಯಲ್ಲಿ ಶುರುವಾಯಿತು. ಕೂತ ನಾಲ್ವರೂ ನ್ಯೂಫೌಂಡ್‌ಲ್ಯಾಂಡಿನವರು. ಸುದ್ದಿ ಓದುವ ನೆಪದಲ್ಲಿ ಪ್ರಧಾನಿಯಿಂದ ಹಿಡಿದು ಎಲ್ಲರನ್ನೂ ಪ್ರಶ್ನಿಸುವ ಕಾರ್ಯಕ್ರಮ. ಮೂವತ್ತು ವರ್ಷ ದಾಟಿದರೂ ಅದು ನಿಂತಿಲ್ಲ. ಯಾರ ಮಾತು ಕೇಳಿ ದೇಶ ನಕ್ಕಿತ್ತೋ ಅವರೇ ದೇಶ ಯಾವುದಕ್ಕೆ ನಗಬೇಕು ಅಂತ ತೀರ್ಮಾನಿಸುವವರಾದರು.

ಅದೇ ಕಾರ್ಯಕ್ರಮದ ರಿಕ್ ಮರ್ಸರ್ ಅಮೆರಿಕಕ್ಕೆ ಹೋಗಿ ಕೆನಡಾ ಬಗ್ಗೆ ಬೇಕಂತಲೇ ಸುಳ್ಳು ಪ್ರಶ್ನೆ ಕೇಳುತ್ತಿದ್ದರು. 2000ದ ಚುನಾವಣಾ ಪ್ರಚಾರದಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಅವರಿಗೆ ‘ಪ್ರಧಾನಿ ಜಾನ್ ಪುಟೀನ್’ ನಿಮಗೆ ಬೆಂಬಲ ಕೊಟ್ಟಿದ್ದಾರೆ ಎಂದರು. ಪುಟೀನ್ ಎಂದರೆ ಆಲೂಗಡ್ಡೆ ಫ್ರೈಸ್ ಮೇಲೆ ಚೀಸ್, ಗ್ರೇವಿ ಹಾಕಿದ, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ತಿಂಡಿ. ಬುಷ್ ಸಂತೋಷದಿಂದ ಸ್ವೀಕರಿಸಿದರು. ಆಗ ಪ್ರಧಾನಿಯಾಗಿದ್ದವರು ಜಾನ್ ಕ್ರೆಟಿಯನ್. 2001ರ ಏಪ್ರಿಲ್ 1ರಂದು ಈ ತುಣುಕುಗಳ ವಿಶೇಷ ಕಂತು ಬಂದಾಗ ಸುಮಾರು 27 ಲಕ್ಷ ಜನ ನೋಡಿದರು. ಅದೇ ವರ್ಷ ಸೆಪ್ಟೆಂಬರ್ 11ರ ದಾಳಿ ಆದ ಮೇಲೆ, ಅದು ಪ್ರಶಸ್ತಿಯ ಪಟ್ಟಿಯಲ್ಲಿದ್ದರೂ ಮರ್ಸರ್ ತಾವಾಗಿಯೇ ಹಿಂದೆ ಸರಿದರು. ನಗಿಸಲು ಗೊತ್ತಿರುವವರಿಗೆ ಯಾವಾಗ ನಿಲ್ಲಿಸಬೇಕು ಎನ್ನುವುದೂ ಗೊತ್ತಿರಬೇಕು ಅಲ್ವಾ.

ಕ್ರೆಟಿಯನ್ ಹೆಸರು ಬಂತು, ಅವರ ಕಥೆಯನ್ನೂ ಹೇಳಬೇಕು. ಕ್ವಿಬೆಕ್‌ನ ಕಾರ್ಖಾನೆ ಊರಿನ ಫ್ರೆಂಚ್ ಮನೆಯವರು. ಇಂಗ್ಲಿಷ್ ಕಲಿತದ್ದು ದೊಡ್ಡವರಾದ ಮೇಲೆ, ಫ್ರೆಂಚ್ ಧಾಟಿ ಯಾವತ್ತೂ ಹೋಗಲಿಲ್ಲ. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿತ್ತು. 1993ರ ಚುನಾವಣೆಯಲ್ಲಿ ಎದುರಾಳಿ ಪಕ್ಷ ಅವರ ಮುಖದ ಚಿತ್ರಗಳನ್ನು ತೋರಿಸಿ, ಇವರು ಪ್ರಧಾನಿಯಾಗಿ ಕಾಣುತ್ತಾರಾ ಎನ್ನುವ ಧಾಟಿಯ ಜಾಹೀರಾತು ಹಾಕಿತು. ಕ್ರೆಟಿಯನ್ ಕೂಗಾಡಲಿಲ್ಲ. ನಾನು ಬಾಯಿಯ ಒಂದೇ ಕಡೆಯಿಂದ ಮಾತಾಡುತ್ತೇನೆ, ಅವರ ಹಾಗೆ ಎರಡೂ ಕಡೆಯಿಂದ ಅಲ್ಲ ಎನ್ನುವ ಅರ್ಥದ ಉತ್ತರ ಕೊಟ್ಟರು. ಜನ ಸಿಟ್ಟಾದರು, ಜಾಹೀರಾತು ತಕ್ಷಣ ವಾಪಸ್ ಹೋಯಿತು. ಬಹುಮತದ ಸರ್ಕಾರ ನಡೆಸಿದ್ದ ಆ ಪಕ್ಷಕ್ಕೆ ಉಳಿದದ್ದು ಎರಡು ಸೀಟು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಇದೊಂದೇ ಅಲ್ಲ. ಆದರೆ ಆ ಧಾಟಿಯ ಮನುಷ್ಯನನ್ನೇ ಈ ದೇಶ ಹತ್ತು ವರ್ಷ ಪ್ರಧಾನಿಯಾಗಿ ಇಟ್ಟುಕೊಂಡಿತು. ಅವರ ಸ್ವಂತ ಕ್ವಿಬೆಕ್‌ನಲ್ಲೂ ಇಂಥದ್ದೇ ಹೋರಾಟ ನಡೆದಿತ್ತು. ಮಾಂಟ್ರಿಯಲ್‌ನ ಕೂಲಿಕಾರರ ಕೇರಿಯ ಫ್ರೆಂಚನ್ನು ಹೊಲಸು ಎಂದು ಹೀಗಳೆಯುತ್ತಿದ್ದ ಕಾಲದಲ್ಲಿ, ಮಿಷೆಲ್ ಟ್ರೆಂಬ್ಲೆ ಅದೇ ಮಾತಿನಲ್ಲಿ ಇಡೀ ನಾಟಕ ಬರೆದರು, ಅದು 1968ರಲ್ಲಿ ರಂಗಕ್ಕೆ ಬಂತು.

ಇನ್ನು ನಮ್ಮಂಥ ವಲಸೆ ಬಂದವರ ಮಾತು. 2021ರ ಜನಗಣತಿ ಪ್ರಕಾರ ಇಲ್ಲಿನ 23 ಶೇಕಡಾ ಜನ ಹೊರಗಿನಿಂದ ಬಂದು ನೆಲೆಸಿದವರು. ಈ ಜನರ ಧಾಟಿಯೂ ಈಗ ಕೆನಡಾದ ಧಾಟಿಯೇ. 2008ರಲ್ಲಿ ಐಸ್ ಹಾಕಿಯ ವೀಕ್ಷಕ ವಿವರಣೆ ಪಂಜಾಬಿಯಲ್ಲೂ ಶುರುವಾಯಿತು. 2016ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ವಿವರಣೆಗಾರ ಹರನಾರಾಯಣ್ ಸಿಂಗ್, ಗೋಲು ಹೊಡೆದ ಆಟಗಾರನ ಹೆಸರನ್ನು ‘ಬೊನೀನೊ, ಬೊನೀನೊ’ ಎಂದು ಉಸಿರು ಬಿಡದೆ ಕೂಗಿದ್ದು ಖಂಡವಿಡೀ ಹರಡಿತು, ಗೆದ್ದ ಪಿಟ್ಸ್‌ಬರ್ಗ್ ತಂಡ ಅವರನ್ನು ವಿಜಯೋತ್ಸವಕ್ಕೇ ಕರೆಸಿತು. 2022ರಲ್ಲಿ ಆಟವಾದ ಸಂಸತ್ತಿನಲ್ಲಿ ಚಂದ್ರ ಆರ್ಯ ಕನ್ನಡದಲ್ಲಿ ಮಾತಾಡಿದ್ದು ನಿಮ್ಮ ಓದುಗರಿಗೆ ನೆನಪಿರುತ್ತದೆ. ಆ ದಿನ ಇಲ್ಲಿನ ಕನ್ನಡಿಗರ ಫೋನುಗಳು ಸುಮ್ಮನಿರಲಿಲ್ಲ.

ಆದರೆ ಎಲ್ಲ ಸರಿಯಾಗಿದೆ ಎಂದು ನಾನು ಹೇಳುವುದಿಲ್ಲ. ‘ಕಿಮ್ಸ್ ಕನ್ವೀನಿಯೆನ್ಸ್’ ಧಾರಾವಾಹಿಯಲ್ಲಿ ಕೊರಿಯಾದ ಅಪ್ಪನ ಪಾತ್ರ ಮಾಡಿದ ಪಾಲ್ ಸನ್-ಹ್ಯುಂಗ್ ಲೀ ಅವರ ಸ್ವಂತ ಮಾತು ಅಪ್ಪಟ ಕೆನಡಾದ್ದು. ಪಾತ್ರಕ್ಕಾಗಿ ಹಿರಿಯರ ಧಾಟಿ ತಂದರು, ಅದರಲ್ಲಿ ಪ್ರೀತಿ ಇತ್ತು, ನಮ್ಮ ಮನೆಯಲ್ಲೂ ಎಲ್ಲರೂ ಕೂತು ನೋಡುತ್ತಿದ್ದೆವು. 2021ರಲ್ಲಿ ಧಾರಾವಾಹಿ ಮುಗಿದ ಮೇಲೆ ಕಲಾವಿದರೇ ಬಹಿರಂಗವಾಗಿ ಹೇಳಿದರು, ಬರೆಯುವವರಲ್ಲಿ ನಮ್ಮವರು ಸಾಲದು ಎಂದು. ಮುಖ್ಯ ವಿಷಯ ಇರುವುದು ಇಲ್ಲೇ. ನ್ಯೂಫೌಂಡ್‌ಲ್ಯಾಂಡಿನವರು ಗೆದ್ದದ್ದು ಬರೆಯುವ ಪೆನ್ನು ಅವರ ಕೈಯಲ್ಲೇ ಇದ್ದುದರಿಂದ. ಬೇರೆಯವರು ಬರೆದು ಕೊಟ್ಟ ಆಕ್ಸೆಂಟ್ ಎಷ್ಟು ಚೆನ್ನಾಗಿದ್ದರೂ ಅರ್ಧವೇ.

ಕೆಲಸದ ಜಾಗದಲ್ಲಿ ಇದು ಇನ್ನೂ ಕಷ್ಟ. ನನಗೆ ಗೊತ್ತಿರುವ ಒಬ್ಬ ಅಕೌಂಟೆಂಟ್ ಹೆಣ್ಣುಮಗಳಿಗೆ, ಕೆಲಸದಲ್ಲಿ ತಪ್ಪಿಲ್ಲ, ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವುದು ಮಾತ್ರ ಬೇಡ ಎಂದು ಮೇಲಿನವರು ಹೇಳಿದರು. ಆಕೆ ಕೈಯಿಂದ ಡಾಲರ್ ಕೊಟ್ಟು ಆಕ್ಸೆಂಟ್ ಕಡಿಮೆ ಮಾಡುವ ಕೋರ್ಸಿಗೆ ಸೇರಿದರು. ಆಕೆಯ ಇಂಗ್ಲಿಷ್ ನನಗೆ ಸ್ಪಷ್ಟವಾಗಿ ಅರ್ಥವಾಗುತ್ತದೆ, ಅವರ ಆಫೀಸಿನವರಿಗೂ ಅರ್ಥವಾಗುತ್ತಿತ್ತು. ಇದನ್ನು ನೆನೆದರೆ ಈಗಲೂ ಕೋಪ ಬರುತ್ತದೆ. ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಜಾಹೀರಾತಿನಲ್ಲಿ ‘ಕೆನಡಾದ ಅನುಭವ ಬೇಕು’ ಎಂದು ಹಾಕುವ ಹಾಗಿಲ್ಲ. ಒಳ್ಳೆಯ ಹೆಜ್ಜೆ. ಆದರೆ ಸಂದರ್ಶನದಲ್ಲಿ ಬಾಯಿ ತೆರೆದ ಕ್ಷಣ ಎದುರಿನವರ ಮುಖ ಬದಲಾಗುವುದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ.

ಈಗ ನಿಮ್ಮ ಬರಹದ ಸುಂಕದ ಜಗಳಕ್ಕೆ ಬರುತ್ತೇನೆ. ಕೆನಡಾವನ್ನು ತಮ್ಮ 51ನೇ ರಾಜ್ಯ ಮಾಡುವ ಮಾತು ಅಮೆರಿಕದಿಂದ ಬಂದಾಗ ಇಲ್ಲಿನ ಜನ ಮೊದಲು ಯಾರ ಕಡೆ ನೋಡಿದರು ಗೊತ್ತಾ? 2025ರ ಮಾರ್ಚ್ 1ರಂದು ನ್ಯೂಯಾರ್ಕಿನ ಹಾಸ್ಯ ಕಾರ್ಯಕ್ರಮದ ಕೊನೆಯಲ್ಲಿ, ಟೊರೊಂಟೊದ ಸ್ಕಾರ್ಬರೋದಲ್ಲಿ ಹುಟ್ಟಿದ ಮೈಕ್ ಮೈಯರ್ಸ್ ‘ಕೆನಡಾ ಮಾರಾಟಕ್ಕಿಲ್ಲ’ ಎನ್ನುವ ಟೀ ಶರ್ಟ್ ತೋರಿಸಿ, ಮೊಣಕೈ ಎತ್ತಿ, ದನಿ ಇಲ್ಲದೆ ತುಟಿಯಲ್ಲೇ ‘ಎಲ್ಬೋಸ್ ಅಪ್’ ಎಂದರು. ಹಾಕಿಯಲ್ಲಿ ಎದುರಾಳಿ ಮೈಮೇಲೆ ಬಂದಾಗ ಮೊಣಕೈ ಎತ್ತಿ ನಿಲ್ಲುವ ಭಂಗಿ ಅದು, ಗಾರ್ಡಿ ಹೋ ಎಂಬ ಹಳೇ ಆಟಗಾರನಿಂದ ಹೆಸರಾದದ್ದು. ಕೆಲವೇ ದಿನಗಳಲ್ಲಿ ಅದು ದೇಶದ ಘೋಷಣೆ ಆಯಿತು, ಆಟವಾದ ಮೆರವಣಿಗೆಯಲ್ಲಿ ಅದೇ ಫಲಕ. ಪ್ರಧಾನಿ ಭಾಷಣಕ್ಕಿಂತ ಹೆಚ್ಚಾಗಿ ಒಬ್ಬ ಹಾಸ್ಯನಟನ ಮೊಣಕೈಗೆ ಇಡೀ ದೇಶ ಎದ್ದು ನಿಂತಿತು. ತನ್ನದು ಅಂತ ಏನೂ ಇಲ್ಲದ ಜನಕ್ಕೆ ಇದು ಸಾಧ್ಯವಾ?

ನಿಮ್ಮಲ್ಲಿ ಒಂದು ಕೇಳಿಕೆ. ಕೆನಡಾ ಬಗ್ಗೆ ನಿಮ್ಮ ಪುಟಗಳಲ್ಲಿ ಬರುವುದು ಹೆಚ್ಚಾಗಿ ವೀಸಾ, ಕಾಯಂ ವಾಸದ ಅನುಮತಿಗೆ (ಪಿಆರ್) ಬೇಕಾದ ಅಂಕ, ರಾಜತಾಂತ್ರಿಕ ಜಗಳ. ಅವೂ ಬೇಕು. ಅದರ ಜೊತೆಗೆ ಇಲ್ಲಿನ ಜನ ಹೇಗೆ ಮಾತಾಡುತ್ತಾರೆ, ಯಾವುದಕ್ಕೆ ನಗುತ್ತಾರೆ ಎನ್ನುವುದನ್ನೂ ಬರೆಸಿ. ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನ ಮೀನುಗಾರರ ಮಕ್ಕಳು, ಮಾಂಟ್ರಿಯಲ್ ಕೇರಿಯ ಹೆಂಗಸರು, ನುನಾವುಟ್‌ನ ಮೂಲನಿವಾಸಿ ಇನ್ಯುಯಿಟ್ ಜನ, ಬ್ರಾಂಪ್ಟನ್‌ನಲ್ಲಿ ಬೆಳೆದ ಹಾಸ್ಯಗಾರ ರಸೆಲ್ ಪೀಟರ್ಸ್ ಥರದವರು ಕೂಡ ಆ ಬರಹದಲ್ಲಿ ಇರಲಿ. ಮತ್ತು ಮಕ್ಕಳನ್ನು ಇಲ್ಲಿಗೆ ಓದಲು ಕಳಿಸುವ ಅಪ್ಪ ಅಮ್ಮಂದಿರು ಈ ಪತ್ರ ಓದುತ್ತಿದ್ದರೆ, ಆಕ್ಸೆಂಟ್ ಕಳೆಯುವ ಕೋರ್ಸಿಗೆ ಹಣ ಕಟ್ಟುವ ಮೊದಲು ಆ ಹಣವನ್ನು ಒಂದು ಒಳ್ಳೆಯ ಚಳಿಗಾಲದ ಕೋಟ್‌ಗೆ ಕೊಡಿ.

ಇಂತಿ,
ನಿಮ್ಮ ಓದುಗ
ಮಿಸಿಸಾಗ, ಒಂಟಾರಿಯೊ