ಮಳೆಗಾಲದ ಪ್ರವಾಸ: ಗರ್ಭಿಣಿಯರಿಗೂ ಅನುಕೂಲವಿರಲಿ

ಮಾನ್ಯರೇ,

ಮಳೆಗಾಲದಲ್ಲಿ ಮಲೆನಾಡು ನೋಡಬಯಸುವ ಗರ್ಭಿಣಿಯರು ಪಾಚಿಗಟ್ಟಿದ ಮೆಟ್ಟಿಲು, ಆಗುಂಬೆ ಘಾಟಿಯ ತಿರುವುಗಳನ್ನು ಬಿಟ್ಟು ಶಿವಮೊಗ್ಗ ನಗರದಲ್ಲೇ ತಂಗಿ, ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಂತಹ ಸ್ಥಳಗಳನ್ನು ನಿಧಾನವಾಗಿ ನೋಡುವುದು ಹಿತಕರ. ಇಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಕುದಿಸಿದ ನೀರಿಗೆ. ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಇ ಸೋಂಕು ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಾಪಾಯ ತರಬಲ್ಲದಾದ್ದರಿಂದ, ಕೇಳಿದರಷ್ಟೇ ಬಿಸಿನೀರು ಕೊಡುವ ಕೆಲವು ಹೋಟೆಲುಗಳ ರೂಢಿ ಬದಲಾಗಬೇಕು. ಹೊರಗೆ ಉಣ್ಣುವಾಗ ಹಸಿ ಕೋಸಂಬರಿಗಿಂತ ಬಿಸಿ ಅನ್ನ, ತೊವ್ವೆ, ಸೊಪ್ಪಿನ ಪಲ್ಯವೇ ಸುರಕ್ಷಿತ. ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೂಡಲು ನಿಂಬೆರಸ ನೆರವಾದರೆ, ಊಟದ ಬೆನ್ನಿಗೇ ಕುಡಿಯುವ ಕಾಫಿ (ನಮ್ಮ ಕಡೆಯವರಿಗೆ ಇದು ರುಚಿಸದ ಮಾತು) ಅಡ್ಡಿಯಾಗುತ್ತದೆ. ಮಹಾನಗರ ಪಾಲಿಕೆಯು ಹೋಟೆಲುಗಳಲ್ಲಿ ಕುದಿಸಿ ಆರಿಸಿದ ನೀರನ್ನು ಕಡ್ಡಾಯಗೊಳಿಸಿ, ಪ್ರವಾಸಿ ತಾಣಗಳಲ್ಲಿ ಜಾರದ ನೆಲವಿರುವ ಶುಚಿಯಾದ ಶೌಚಾಲಯಗಳನ್ನು ಸಂಬಂಧಪಟ್ಟ ಇಲಾಖೆಗಳು ಈ ಮುಂಗಾರಿನೊಳಗೆ ಒದಗಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಶಿವಮೊಗ್ಗ